ಏಳು ಮೀಟರ್ ನೀರಿನಲ್ಲಿ ಒಂದು ರಾತ್ರಿ

ಯುಎಇಯ ಫುಜೈರಾದ ಅಲ್ ಅಕಾ ತೀರದಲ್ಲಿ ಸೂರ್ಯ ಬೆನ್ನ ಹಿಂದೆ ಮುಳುಗುತ್ತಾನೆ. ಹಜರ್ ಬೆಟ್ಟಸಾಲಿನ ನೆರಳು ಮೊದಲು ಮರಳಿನ ಮೇಲೆ, ಆಮೇಲೆ ನೀರಿನ ಮೇಲೆ, ಕಡೆಗೆ ಎದುರಿನ ಸ್ನೂಪಿ ದ್ವೀಪದ ಬಂಡೆಗಳ ಮೇಲೆ ಹರಡಿಕೊಳ್ಳುತ್ತದೆ. ಆಕಾಶದಲ್ಲಿ ಬೆಳಕು ಇನ್ನೂ ಉಳಿದಿರುವಾಗಲೇ ನೀರು ಕಪ್ಪಾಗಿರುತ್ತದೆ. ಕುಂದಾಪುರದ ಕಡೆ ಹುಟ್ಟಿ, ದಿನವೂ ಸಂಜೆ ಸೂರ್ಯ ಕಡಲಿಗೆ ಇಳಿಯುವುದನ್ನೇ ನೋಡಿ ಬೆಳೆದ ನನಗೆ ಈ ತೀರ ಇಂದಿಗೂ ದಿಕ್ಕು ತಿರುಗಿಸಿಟ್ಟಂತೆ ಕಾಣುತ್ತದೆ. ಆದರೆ ಒಮಾನ್ ಕೊಲ್ಲಿಯ ಈ ನೀರು ಮುಂದೆ ಹೋಗಿ ಸೇರುವುದು ನಮ್ಮೂರಿನ ಅರಬ್ಬೀ ಸಮುದ್ರವನ್ನೇ.

ಶಾರ್ಜಾದಲ್ಲಿ ಕೆಲಸ ಮಾಡುವ ನನಗೆ ವಾರದ ರಜೆಯಲ್ಲಿ ಬೆಟ್ಟ ದಾಟಿ ಈ ತೀರಕ್ಕೆ ಬರುವುದು ಬಹಳ ವರ್ಷಗಳ ಅಭ್ಯಾಸ. ಕಳೆದ ಡಿಸೆಂಬರಿನಲ್ಲಿ, ಕಾಲೇಜಿನ ರಜೆಗೆ ಬಂದಿದ್ದ ಮಗಳನ್ನು, ಗಾಳಿಯ ಸಿಲಿಂಡರ್ ಹೊತ್ತು ಕತ್ತಲಿನಲ್ಲಿ ನೀರಿಗಿಳಿಯುವ ಅವಳ ಮೊದಲ ರಾತ್ರಿ ಡೈವಿಗೆ, ಇಲ್ಲಿಗೇ ಕರೆದುಕೊಂಡು ಬಂದೆ. ಮೂವತ್ತು ಮೀಟರ್ ಆಳದ ಹಡಗಿನ ಅವಶೇಷಗಳನ್ನು ನೋಡಿ ಬಂದ ಗೆಳೆಯರು, ದಡದಿಂದ ನಡೆದೇ ಇಳಿಯಬಹುದಾದ ಈ ಜಾಗವನ್ನು ಕಲಿಯುವವರ ಕೊಳವೆಂದು ಕರೆಯುವುದುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಏಳು ಮೀಟರ್ ನೀರಿಗೆ ರಾತ್ರಿ ಇಳಿಯುವವರು ಮೂವತ್ತು ಮೀಟರಿಗೆ ಮಾಡಿಕೊಳ್ಳುವಷ್ಟೇ ಸಿದ್ಧತೆಯನ್ನು ಮಾಡಿಕೊಳ್ಳಬೇಕು ಎಂಬುದನ್ನು ನಾನು ಇದೇ ತೀರದಲ್ಲಿ, ತಪ್ಪು ಮಾಡಿ, ಕಲಿತಿದ್ದೇನೆ.

ಆ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಗೆಳೆಯನೊಂದಿಗೆ ರಾತ್ರಿ ಇಳಿದಾಗ, ಮರಳಿ ಬರುವ ಗುರುತಿಗೆ ದಡದ ಮೇಲಿದ್ದ ಒಂದು ದೊಡ್ಡ ಬಿಳಿ ದೀಪವನ್ನು ನಂಬಿಕೊಂಡಿದ್ದೆ. ಯಾರದೋ ಅಂಗಳದ ದೀಪ ಅದು. ಐವತ್ತು ನಿಮಿಷಗಳ ನಂತರ ನೀರಿನ ಮೇಲೆ ತಲೆಯೆತ್ತಿ ನೋಡಿದರೆ ಆ ದೀಪ ಆರಿಹೋಗಿತ್ತು. ದಡದುದ್ದಕ್ಕೂ ಒಂದೇ ಅಳತೆಯ ಹತ್ತಾರು ಸಣ್ಣ ಬೆಳಕುಗಳು ಮಾತ್ರ ಇದ್ದವು. ನೀರಿನ ಸೆಳೆತ ನಮ್ಮನ್ನು ಎತ್ತ ಒಯ್ದಿದೆ ಎಂಬುದು ತಿಳಿಯದೆ ಅಂದಾಜಿನ ಮೇಲೆ ಈಜಿದೆವು. ಕಾಲು ತಾಗಿದಾಗ ಅದು ಮರಳಾಗಿರಲಿಲ್ಲ, ಬಂಡೆಯಾಗಿತ್ತು. ಬಂಡೆಯ ಮೇಲೆ ಸೀ ಅರ್ಚಿನ್ ಎಂಬ ಕಡಲ ಮುಳ್ಳುಚೆಂಡುಗಳಿದ್ದವು. ಗೆಳೆಯನ ಪಾದಕ್ಕೆ ಹೊಕ್ಕ ಮುಳ್ಳುಗಳು ಒಳಗೇ ಮುರಿದುಕೊಂಡು, ಎರಡು ವಾರ ಅವನು ಕುಂಟುತ್ತಾ ಕೆಲಸಕ್ಕೆ ಹೋದ. ಆಳವಿಲ್ಲದ ನೀರು ಎಂಬ ಸಲಿಗೆಯಿಂದ ನಾನು ದಿಕ್ಸೂಚಿಯನ್ನು ಒಮ್ಮೆಯೂ ಸರಿಯಾಗಿ ಹೊಂದಿಸಿಕೊಂಡಿರಲಿಲ್ಲ. ಆ ಕುಂಟು ನಡಿಗೆಗೆ ನಾನೇ ಕಾರಣ ಎಂಬುದನ್ನು ಮರೆತಿಲ್ಲ.

ಈಗ ದಡದ ದೀಪಗಳು ನಮ್ಮವೇ. ಒಂದನ್ನು ನೀರಿನಂಚಿನ ಹತ್ತಿರ ಕುಳ್ಳಗೆ, ಇನ್ನೊಂದನ್ನು ಅದರ ನೇರ ಹಿಂದೆ, ಇಪ್ಪತ್ತು ಹೆಜ್ಜೆ ಮೇಲಕ್ಕೆ, ಎತ್ತರದ ಕೋಲಿಗೆ ಕಟ್ಟುತ್ತೇವೆ. ನೀರಿನಿಂದ ನೋಡುವಾಗ ಎರಡೂ ಒಂದರ ಮೇಲೊಂದು ಕಂಡರೆ ನಾವು ಇಳಿದ ದಾರಿಯ ನೇರಕ್ಕೇ ಇದ್ದೇವೆಂದು ಅರ್ಥ. ಮೇಲಿನ ದೀಪ ಎಡಕ್ಕೆ ಸರಿದು ಕಂಡರೆ ನಾವೂ ಎಡಕ್ಕೆ ಸರಿದಿದ್ದೇವೆ, ಬಲಕ್ಕೆ ಸರಿದು ಕಂಡರೆ ಬಲಕ್ಕೆ. ಬಂದರಿನ ಬಾಯಿಯನ್ನು ಹಿಡಿಯಲು ಹಡಗಿನವರು ಬಳಸುವ ಉಪಾಯವೂ ಇದೇ. ಇದರ ಜೊತೆಗೆ ದಿಕ್ಸೂಚಿಯಲ್ಲಿ ಹೋಗುವಾಗ ಪೂರ್ವ, ಬರುವಾಗ ಪಶ್ಚಿಮ. ದೀಪಗಳ ಪಕ್ಕದಲ್ಲಿ ಒಬ್ಬರು ಕುಳಿತಿರಬೇಕು, ನಾವು ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದು ಅವರಿಗೆ ಗೊತ್ತಿರಬೇಕು. ಆ ರಾತ್ರಿ ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು ಕುಳಿತವಳು ನನ್ನ ಹೆಂಡತಿ.

ಬೆಳಿಗ್ಗೆಯೇ ನಾವಿಬ್ಬರೂ ಅದೇ ದಾರಿಯಲ್ಲಿ ಒಮ್ಮೆ ಇಳಿದು ಬಂದಿದ್ದೆವು. ಹಗಲಿನಲ್ಲಿ ನೋಡದ ಜಾಗಕ್ಕೆ ರಾತ್ರಿ ಇಳಿಯಬಾರದು ಎಂಬುದು ನಮ್ಮ ಮನೆಯ ನಿಯಮ. ಮರಳು ಎಲ್ಲಿ ಮುಗಿಯುತ್ತದೆ, ಮೊದಲ ಬಂಡೆ ಎಲ್ಲಿ ಏಳುತ್ತದೆ, ತೊರಕೆ ಮೀನು ಮರಳಿನಡಿ ಹುದುಗಿಕೊಳ್ಳುವ ತಗ್ಗು ಯಾವುದು, ಇವನ್ನೆಲ್ಲ ನೋಡಿ ಮಗಳು ಸ್ಲೇಟಿನ ಮೇಲೆ ನಕ್ಷೆ ಬರೆದಿದ್ದಳು. ಭರತ ತುಂಬಿ ನೀರು ನಿಂತ ಹೊತ್ತು ಆ ದಿನ ಸಂಜೆ ಆರರ ಸುಮಾರಿಗೆ ಬಂದದ್ದು ಅನುಕೂಲವೇ ಆಯಿತು. ಇಳಿತದ ಹೊತ್ತಿಗೆ ಇಲ್ಲಿನ ಹವಳದ ದಿಬ್ಬದ ಮೇಲೆ ಮೊಣಕಾಲುದ್ದದ ನೀರಿರುವ ಜಾಗಗಳಿದ್ದು, ಮುಳ್ಳುಚೆಂಡುಗಳ ನಡುವೆ ನಡೆಯುವ ಪ್ರಸಂಗ ಬರುತ್ತದೆ.

ಕೈಗೊಂದು ದೊಡ್ಡ ಟಾರ್ಚ್, ಜೇಬಿನಲ್ಲಿ ಅದಕ್ಕೆ ಬದಲಿ ಇನ್ನೊಂದು, ಸಿಲಿಂಡರಿನ ಕುತ್ತಿಗೆಗೆ ಹಸಿರು ಗುರುತಿನ ಸಣ್ಣ ದೀಪ. ಟಾರ್ಚಿನ ದಾರವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುವುದನ್ನು ಮರೆಯಬಾರದು. ನೀರೊಳಗೆ ಕೈಸನ್ನೆಗಳು ಕಾಣುವುದಿಲ್ಲವಾದ್ದರಿಂದ ಟಾರ್ಚಿನ ಬೆಳಕೇ ನಾಲಿಗೆಯಾಗಬೇಕಾಗುತ್ತದೆ: ಬಂಡೆಯ ಮೇಲೆ ನಿಧಾನವಾಗಿ ವೃತ್ತ ಬರೆದರೆ ‘ನಾನು ಚೆನ್ನಾಗಿದ್ದೇನೆ’, ಬೆಳಕನ್ನು ಎಡಬಲಕ್ಕೆ ಆಡಿಸಿದರೆ ‘ಇತ್ತ ನೋಡು’. ಒಬ್ಬರ ಬೆಳಕು ಇನ್ನೊಬ್ಬರ ಕಣ್ಣಿಗೆ ಬೀಳಕೂಡದು. ಕತ್ತಲಿಗೆ ಒಗ್ಗಿಕೊಳ್ಳಲು ಕಣ್ಣಿಗೆ ಅರ್ಧ ಗಂಟೆಯಾದರೂ ಬೇಕು. ಒಂದು ಕ್ಷಣದ ಬೆಳಕು ಅದನ್ನೆಲ್ಲ ಕಳೆದುಹಾಕುತ್ತದೆ.

ಗಾಳಿಯ ಲೆಕ್ಕವನ್ನು ಮಗಳ ಕೈಯಲ್ಲಿಯೇ ಮಾಡಿಸಿದೆ. ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿದ್ದರೆ ಒಟ್ಟು 2400 ಲೀಟರ್ ಗಾಳಿ. ಅದರಲ್ಲಿ 50 ಬಾರನ್ನು ಮುಟ್ಟದೆ ಉಳಿಸಿಕೊಂಡರೆ ಕೈಗೆ ಸಿಗುವುದು 1800 ಲೀಟರ್. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ಏಳು ಮೀಟರಿನಲ್ಲಿ, ಅಲ್ಲಿನ ಒತ್ತಡ 1.7 ಪಟ್ಟು ಇರುವುದರಿಂದ, 34 ಲೀಟರ್ ಬೇಕಾಗುತ್ತದೆ. ಅಂದರೆ ಐವತ್ತು ನಿಮಿಷಗಳಿಗೆ ತುಸು ಹೆಚ್ಚು. ಕತ್ತಲಿನಲ್ಲಿ ಮೊದಲ ಸಲ ಇಳಿಯುವವರ ಉಸಿರು ಇದಕ್ಕಿಂತ ಜೋರಾಗಿರುವುದು ಸಹಜ. ಆದ್ದರಿಂದ ಇಬ್ಬರಲ್ಲಿ ಯಾರದಾದರೂ ಮಾಪಕ 120 ಬಾರ್ ತೋರಿಸಿದೊಡನೆ ತಿರುಗಿಬಿಡುವುದೆಂದು ದಡದಲ್ಲೇ ಮಾತಾಯಿತು.

ಆಳ ಕಡಿಮೆಯಾದಷ್ಟೂ ತೇಲುವ ಹದವನ್ನು ಹಿಡಿಯುವುದು ಕಷ್ಟವಾಗುತ್ತದೆ ಎಂಬುದನ್ನು ಹೊಸಬರು ನಂಬುವುದಿಲ್ಲ. ಲೆಕ್ಕ ಸರಳವಾಗಿದೆ. ಎರಡು ಮೀಟರಿನಿಂದ ಐದು ಮೀಟರಿಗೆ ಇಳಿದರೆ, ತೇಲುವ ಹದಕ್ಕೆಂದು ಗಾಳಿ ತುಂಬಿಕೊಳ್ಳುವ ಜಾಕೆಟ್ಟಿನೊಳಗಿನ ಗಾಳಿ ಶೇಕಡಾ 20ರಷ್ಟು ಕುಗ್ಗುತ್ತದೆ. ಅದೇ ಮೂರು ಮೀಟರನ್ನು ಇಪ್ಪತ್ತೇಳರಿಂದ ಮೂವತ್ತಕ್ಕೆ ಇಳಿದರೆ ಕುಗ್ಗುವುದು ಶೇಕಡಾ 7.5 ಮಾತ್ರ. ಆಳವಿಲ್ಲದ ನೀರಿನಲ್ಲಿ ಒಂದು ದೀರ್ಘ ಉಸಿರೂ ನಮ್ಮನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಅಲ್ಯೂಮಿನಿಯಂ ಸಿಲಿಂಡರು ಗಾಳಿ ಖಾಲಿಯಾದಂತೆ ತಾನೇ ತೇಲತೊಡಗುವುದರಿಂದ ಡೈವಿನ ಕೊನೆಯ ಹತ್ತು ನಿಮಿಷಗಳು ಇನ್ನೂ ಸೂಕ್ಷ್ಮವಾದವು. ಹದ ತಪ್ಪಿ ಕೆಳಗೆ ಕುಸಿದರೆ ಮುರಿಯುವುದು ಹವಳ, ಇಲ್ಲವೇ ಚುಚ್ಚುವುದು ಮುಳ್ಳು. ಆ ರಾತ್ರಿಗೆಂದು ಇಬ್ಬರೂ ಸೊಂಟಕ್ಕೆ ಕಟ್ಟಿಕೊಳ್ಳುವ ತೂಕವನ್ನು ಒಂದೊಂದು ಕಿಲೋ ಹೆಚ್ಚಿಸಿಕೊಂಡೆವು.

ಆರು ಗಂಟೆ ದಾಟಿ ಹತ್ತು ನಿಮಿಷಕ್ಕೆ, ಎದೆಮಟ್ಟದ ನೀರಿನಲ್ಲಿ ಫಿನ್ಸ್ ಹಾಕಿಕೊಂಡು, ಒಬ್ಬರನ್ನೊಬ್ಬರು ಕಡೆಯ ಸಲ ಪರೀಕ್ಷಿಸಿ, ತಲೆಯನ್ನು ನೀರೊಳಗೆ ಹಾಕಿದೆವು. ನೀರು 25 ಡಿಗ್ರಿ ಇತ್ತು. ಮೊದಲ ಎರಡು ನಿಮಿಷ ಮಗಳ ಬೆಳಕು ಒಂದು ಕಡೆ ನಿಲ್ಲದೆ ಸುತ್ತಲೂ ಓಡಾಡುತ್ತಿತ್ತು. ಕತ್ತಲಿಗೆ ಗೋಡೆಯಿಲ್ಲ, ಟಾರ್ಚನ್ನು ಕೆಳಗೆ ಹಿಡಿದರೆ ಮರಳು ಕಾಣುತ್ತದೆ, ಎದುರಿಗೆ ಹಿಡಿದರೆ ಬೆಳಕು ಎಲ್ಲಿಯೂ ತಾಗದೆ ಕರಗಿಹೋಗುತ್ತದೆ. ಹೆದರಿಕೆ ಹುಟ್ಟುವುದು ಆ ಎದುರಿನ ಬೆಳಕಿನಿಂದ. ನಾನು ಅವಳ ಪಕ್ಕಕ್ಕೆ ಸರಿದು ನನ್ನ ಬೆಳಕನ್ನು ಮರಳಿನ ಮೇಲೆ ಇಟ್ಟು ವೃತ್ತ ಬರೆದೆ. ಸ್ವಲ್ಪ ಹೊತ್ತಿಗೆ ಅವಳ ಬೆಳಕೂ ಬಂದು ನನ್ನ ವೃತ್ತದ ಪಕ್ಕದಲ್ಲಿ ಇನ್ನೊಂದು ವೃತ್ತ ಬರೆಯಿತು. ಅಲ್ಲಿಂದ ಮುಂದೆ ಅವಳ ಉಸಿರಿನ ಸದ್ದು ನಿಧಾನವಾಯಿತು.

ನಾನು ಚಿಕ್ಕವನಿದ್ದಾಗ, ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ, ಹೊಳೆಯಿಂದ ಗದ್ದೆಗೆ ಹತ್ತುವ ಮೀನನ್ನು ಹಿಡಿಯಲು ದೊಡ್ಡಪ್ಪ ಗ್ಯಾಸ್‌ಲೈಟ್ ಹಿಡಿದು ಹೋಗುತ್ತಿದ್ದರು. ಅವರ ಹಿಂದೆ ಹೋಗುವ ನಮಗೆ ಬೆಳಕಿನ ವೃತ್ತದಲ್ಲಿದ್ದದ್ದು ಮಾತ್ರ ಪ್ರಪಂಚ. ದಿನವೂ ತುಳಿದು ಹೋಗುವ ಅಂಚು, ಅಂಚಿನ ಹುಲ್ಲು, ಹುಲ್ಲಿನ ಮೇಲಿನ ಕಪ್ಪೆ, ಎಲ್ಲವೂ ಆ ರಾತ್ರಿ ಮೊದಲ ಸಲ ಕಂಡಂತೆ ಕಾಣುತ್ತಿದ್ದವು. ನೀರೊಳಗಿನ ಟಾರ್ಚು ಮಾಡುವ ಕೆಲಸವೂ ಅದೇ. ಹಗಲು ಹದಿನೈದು ಮೀಟರ್ ದೂರದವರೆಗೆ ಕಾಣುತ್ತಿದ್ದುದರಿಂದಲೇ ನಾವು ಬೆಳಿಗ್ಗೆ ಏನನ್ನೂ ನಿಂತು ನೋಡಿರಲಿಲ್ಲ.

ಬಣ್ಣದ ಮಾತು ಇನ್ನೂ ವಿಶೇಷವಾದದ್ದು. ಸೂರ್ಯನ ಬೆಳಕಿನ ಕೆಂಪನ್ನು ನೀರು ಮೊದಲ ಕೆಲವು ಮೀಟರುಗಳಲ್ಲಿಯೇ ಹೀರಿಕೊಳ್ಳುವುದರಿಂದ, ಹಗಲಿನಲ್ಲಿ ಏಳು ಮೀಟರ್ ಆಳದ ಕೆಂಪು ವಸ್ತು ಮಂಕಾಗಿ, ಕಂದು ಬಣ್ಣಕ್ಕೆ ತಿರುಗಿ ಕಾಣುತ್ತದೆ. ರಾತ್ರಿಯಾದರೋ ದೀಪ ನಮ್ಮ ಕೈಯಲ್ಲೇ ಇದೆ. ಬೆಳಕು ದಾಟಬೇಕಾದ ನೀರು ಒಂದು ಗಜವೂ ಇಲ್ಲ. ಬೆಳಿಗ್ಗೆ ಕೆಸರು ಮೆತ್ತಿದ ಕಲ್ಲಿನಂತಿದ್ದ ಬಂಡೆಯ ಒಂದು ಚಾಚಿನ ಅಡಿಭಾಗ, ರಾತ್ರಿ ಬೆಳಕು ಬಿದ್ದೊಡನೆ ಕುಂಕುಮ ಬಣ್ಣದ ಸ್ಪಂಜುಗಳಿಂದ ತುಂಬಿಹೋಗಿತ್ತು. ಸಮುದ್ರದ ನಿಜವಾದ ಬಣ್ಣಗಳನ್ನು ನೋಡಬೇಕೆನ್ನುವವರಿಗೆ ನಾನು ರಾತ್ರಿಯನ್ನೇ ಹೇಳುತ್ತೇನೆ.

ಐದು ಮೀಟರಿನಲ್ಲಿ, ತಲೆದಿಂಬಿನಷ್ಟು ಗಾತ್ರದ ಒಂದು ಗುಂಡು ಹವಳದ ಮುಂದೆ ನಾವು ಬಹಳ ಹೊತ್ತು ನಿಂತೆವು. ಹಗಲಿನಲ್ಲಿ ಅದು ಜೇನುಗೂಡಿನ ಅಚ್ಚು ಒತ್ತಿದ ಒಣಕಲ್ಲು. ಹಗಲೆಲ್ಲ ಹವಳಕ್ಕೆ ಆಹಾರ ಒದಗುವುದು ಅದರ ಮೈಯೊಳಗೇ ವಾಸಿಸುವ ಸೂಕ್ಷ್ಮ ಪಾಚಿಗಳಿಂದ. ಸೂರ್ಯ ಹೋದ ಮೇಲೆ ಅದು ತನ್ನ ಊಟವನ್ನು ತಾನೇ ಹಿಡಿಯಬೇಕು. ಪ್ರತಿಯೊಂದು ಕುಳಿಯಿಂದಲೂ ಒಂದೊಂದು ಜೀವ ಮೇಲೆದ್ದು, ಅಕ್ಕಿಕಾಳಿಗಿಂತ ಸಣ್ಣದಾದ ಕೈಗಳನ್ನು ವೃತ್ತಾಕಾರವಾಗಿ ಚಾಚಿಕೊಂಡಿತ್ತು. ಕೈಗಳು ಪಾರದರ್ಶಕವಾಗಿದ್ದು, ತುದಿಯಲ್ಲಿ ಮಾತ್ರ ಬಿಳಿ ಚುಕ್ಕೆ. ಟಾರ್ಚಿನ ಬೆಳಕಿಗೆ ಮುತ್ತಿದ ದಾರದಂಥ ಹುಳುಗಳಲ್ಲಿ ಒಂದು ಆ ಕೈಗಳಿಗೆ ತಾಗಿತು, ತಾಗಿದೊಡನೆ ಅಂಟಿಕೊಂಡಿತು. ಅಕ್ಕಪಕ್ಕದ ಕೈಗಳೆಲ್ಲ ಅದರ ಕಡೆಗೆ ಬಾಗಿ, ನಿಧಾನವಾಗಿ ನಡುವಿನ ಬಾಯಿಗೆ ದಾಟಿಸಿದವು. ಕಲ್ಲೆಂದು ಹಗಲು ನೋಡಿ ದಾಟಿಹೋದದ್ದು ಊಟ ಮಾಡುವುದನ್ನು ಮಗಳು ಒಂದು ಗೇಣು ದೂರದಿಂದ ನೋಡಿದಳು. ಬೆಳಕು ಹೆಚ್ಚು ಹೊತ್ತು ಬಿದ್ದರೆ ಜೀವಗಳು ಒಳಗೆ ಸರಿಯತೊಡಗುತ್ತವೆಂದು ಆಮೇಲೆ ಅವಳ ಕೈಯನ್ನು ನಾನೇ ಪಕ್ಕಕ್ಕೆ ಸರಿಸಿದೆ.

ಈ ತೀರದ ಹವಳಗಳನ್ನು ನೋಡುವಾಗ ನನಗೆ ಇನ್ನೊಂದು ನೆನಪು ಬರುತ್ತದೆ. 2007ರ ಜೂನಿನಲ್ಲಿ ಗೋನು ಚಂಡಮಾರುತ ಈ ಕರಾವಳಿಯ ಹವಳಗಳನ್ನು ಮುರಿದು ಹಾಕಿತು. ಅದರಿಂದ ಚೇತರಿಸಿಕೊಳ್ಳುವ ಮೊದಲೇ, 2008ರಿಂದ 2009ರವರೆಗೆ ತಿಂಗಳುಗಟ್ಟಲೆ ಇಲ್ಲಿನ ನೀರನ್ನು ಕೆಂಪು ಪಾಚಿ ಆವರಿಸಿತು. ಮೀನುಗಳು ರಾಶಿಯಾಗಿ ಸತ್ತವು, ಹವಳಗಳು ಎಷ್ಟೋ ಕಡೆ ಸಂಪೂರ್ಣ ನಾಶವಾದವು. ಈಗ ಕಾಣುವುದು ಅದರ ನಂತರ ಬೆಳೆದ, ಇನ್ನೂ ಬೆಳೆಯುತ್ತಿರುವ ದಿಬ್ಬ. ಒಂದು ಫಿನ್ನಿನ ತುದಿ ತಾಗಿ ಹವಳದ ಕೊಂಬೆ ಮುರಿದರೆ ನನಗೆ ಆಗುವ ಸಂಕಟಕ್ಕೆ ಕಾರಣ ಇದೇ.

ಮುಳ್ಳುಚೆಂಡುಗಳು ಆ ಹೊತ್ತಿಗೆ ಬಿರುಕುಗಳಿಂದ ಹೊರಬಂದು ಬಂಡೆಯ ನೆತ್ತಿಯ ಮೇಲೆ ಮೇಯುತ್ತಿದ್ದವು. ಗೇಣುದ್ದದ ಕಪ್ಪು ಮುಳ್ಳುಗಳ ನಡುವೆ ಐದು ಬಿಳಿ ಚುಕ್ಕೆಗಳು, ನಡುನೆತ್ತಿಯಲ್ಲಿ ಒಂದು ಕಿತ್ತಳೆ ಬಣ್ಣದ ಉಂಗುರ. ಗೆಳೆಯನ ಪಾದವನ್ನು ಇರಿದ ಪ್ರಾಣಿ ಇಷ್ಟು ಚಂದವಿದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಒಪ್ಪಲೇಬೇಕು. ಬಂಡೆಯ ಮಗ್ಗುಲಲ್ಲಿ ಬೊಂಡಾಸಿನ ಸಂಬಂಧಿಯಾದ ಒಂದು ಕಟಲ್‌ಫಿಶ್ ನಿಂತಲ್ಲಿಯೇ ನಿಂತು, ಮೈಯಂಚಿನ ಝಾಲರಿಯನ್ನಷ್ಟೇ ಅಲೆಯಂತೆ ಆಡಿಸುತ್ತಿತ್ತು. ಮರಳಿನ ಮೇಲಿದ್ದಾಗ ಮರಳಿನ ಬಣ್ಣ, ಬಂಡೆಯ ಹತ್ತಿರ ಸರಿದಾಗ ಬಂಡೆಯ ಬಣ್ಣ. ಇಷ್ಟನ್ನೂ ಮಾಡುವ ಆ ಕಣ್ಣಿಗೆ ಬಣ್ಣಗಳನ್ನು ಬೇರ್ಪಡಿಸುವ ಶಕ್ತಿ ನಮ್ಮಂತೆ ಇಲ್ಲ ಎಂಬುದನ್ನು ಓದಿದಂದಿನಿಂದ, ಅದನ್ನು ಕಂಡಾಗಲೆಲ್ಲ ನಾನು ಉಸಿರು ನಿಧಾನಿಸುತ್ತೇನೆ.

ಒಂದು ಚಾಚಿನ ಕೆಳಗೆ, ಅಂಗೈಗಿಂತ ತುಸು ದೊಡ್ಡದಾದ ಗಿಳಿಮೀನು ಮಲಗಿತ್ತು. ಕೆಲವು ಜಾತಿಯ ಗಿಳಿಮೀನುಗಳು ಮಲಗುವ ಮೊದಲು ಬಾಯಿಯಿಂದ ಲೋಳೆ ಹೊರಡಿಸಿ ಇಡೀ ಮೈಯ ಸುತ್ತ ಚೀಲ ಕಟ್ಟಿಕೊಳ್ಳುತ್ತವೆ. ರಕ್ತ ಹೀರುವ ಸಣ್ಣ ಪರಾವಲಂಬಿಗಳಿಂದ ಅದು ಸೊಳ್ಳೆಪರದೆಯಂತೆ ಕಾಪಾಡುತ್ತದೆ. ಚೀಲ ಕಣ್ಣಿಗೆ ಕಾಣುವುದೇ ಕಷ್ಟ; ಅದಕ್ಕೆ ಅಂಟಿದ್ದ ಮರಳಿನ ಕಣಗಳು ಮಾತ್ರ ಗಾಳಿಯಲ್ಲಿ ನಿಂತ ಧೂಳಿನಂತೆ ಮೀನಿನ ಸುತ್ತ ನಿಂತಿದ್ದವು. ಮಗಳು ಎಡಬಲಕ್ಕೆ ಬೆಳಕಾಡಿಸಿ ನನ್ನನ್ನು ಕರೆದಳು. ನಾನು ನೋಡಿದೆ, ಆದರೆ ಬೆಳಕನ್ನು ಕೂಡಲೇ ಪಕ್ಕಕ್ಕೆ ತಿರುಗಿಸುವಂತೆ ಸನ್ನೆ ಮಾಡಿದೆ. ನಮ್ಮ ಹಿಂದೆ ಒಂದು ಲಯನ್‌ಫಿಶ್ ರೆಕ್ಕೆ ಬಿಚ್ಚಿಕೊಂಡು ಬಹಳ ಹೊತ್ತಿನಿಂದ ಬರುತ್ತಿತ್ತು. ಡೈವರುಗಳ ಬೆಳಕು ಯಾವ ಸಣ್ಣ ಮೀನಿನ ಮೇಲೆ ಬೀಳುತ್ತದೆಯೋ ಅದನ್ನು ಹಿಡಿಯುವುದನ್ನು ಈ ಮೀನುಗಳು ಕಲಿತುಕೊಂಡಿವೆ. ಮಲಗಿದ ಮೀನಿನ ಮೇಲೆ ಫೋಟೋಕ್ಕಾಗಿ ನಿಮಿಷಗಟ್ಟಲೆ ಬೆಳಕು ಹಿಡಿಯುವುದು ಅದನ್ನು ಬೇಟೆಗಾರನಿಗೆ ತೋರಿಸಿಕೊಟ್ಟಂತೆ. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು.

ಮಾಪಕ 120 ತೋರಿಸಿದಾಗ ಪಶ್ಚಿಮಕ್ಕೆ ತಿರುಗಿದೆವು. ದಾರಿಯಲ್ಲಿ, ನಾಲ್ಕು ಮೀಟರಿನ ಬಯಲು ಮರಳಿನ ಮೇಲೆ ಮೊಣಕಾಲೂರಿ, ಮೊದಲೇ ಮಾತಾಡಿಕೊಂಡಂತೆ ಟಾರ್ಚುಗಳನ್ನು ಎದೆಗೆ ಒತ್ತಿ ಮುಚ್ಚಿದೆವು. ಒಂದು ಕೈಯಿಂದ ಮಗಳ ಜಾಕೆಟ್ಟಿನ ಪಟ್ಟಿ ಹಿಡಿದಿದ್ದೆ. ಕಣ್ಣು ಒಗ್ಗುವವರೆಗೆ ಏನೂ ಇರಲಿಲ್ಲ. ಆಮೇಲೆ ಅವಳು ಕೈ ಬೀಸಿದಳು. ಬೆರಳುಗಳ ತುದಿಯಿಂದ ನೀಲಿ ಕಿಡಿಗಳು ಸಾಲಾಗಿ ಹೊರಟು ಹಿಂದೆ ಆರಿಹೋದವು. 2020ರ ನವೆಂಬರಿನಲ್ಲಿ ಉಡುಪಿ, ಮಂಗಳೂರು ಕಡೆಯ ತೀರದಲ್ಲಿ ಅಲೆಗಳು ನೀಲಿಯಾಗಿ ಹೊಳೆದಾಗ ಊರಿನವರೆಲ್ಲ ರಾತ್ರಿ ಕಡಲಿಗೆ ಬಂದು ನೋಡಿದ್ದರು. ಕದಡಿದಾಗ ಮಿನುಗುವ ಅಂಥ ಸೂಕ್ಷ್ಮಜೀವಿಗಳದೇ ಕೆಲಸ ಇದೂ. ತಂಗಿ ಅಂದು ಕಳಿಸಿದ್ದ ವಿಡಿಯೋವನ್ನು ಮಗಳು ಮತ್ತೆ ಮತ್ತೆ ನೋಡಿದ್ದಳು. ಈಗ ಅವಳು ಎರಡೂ ಕೈಗಳನ್ನು ಬೀಸುತ್ತಿದ್ದಳು, ಅವಳ ಉಸಿರಿನ ಗುಳ್ಳೆಗಳೂ ಮಿನುಗುತ್ತಾ ಮೇಲಕ್ಕೆ ಹೋಗುತ್ತಿದ್ದವು.

ನೀರಿನ ಮೇಲೆ ಬಂದಾಗ ದಡದ ಎರಡು ದೀಪಗಳಲ್ಲಿ ಮೇಲಿನದು ಸ್ವಲ್ಪ ಬಲಕ್ಕೆ ಸರಿದು ಕಂಡಿತು. ಎಡಕ್ಕೆ ಹತ್ತಿಪ್ಪತ್ತು ಮೀಟರ್ ಈಜಿದ ಮೇಲೆ ಎರಡೂ ಒಂದಾದವು. ಮರಳಿನಲ್ಲಿ ತೊರಕೆ ಮಲಗಿದ್ದರೆ ಎದ್ದು ಹೋಗಲೆಂದು ಪಾದಗಳನ್ನು ಎತ್ತದೆ ಎಳೆಯುತ್ತಾ ನಡೆದು ದಡ ಹತ್ತಿದೆವು. ಐವತ್ತೊಂದು ನಿಮಿಷ, ಅತಿ ಹೆಚ್ಚು ಆಳ 6.8 ಮೀಟರ್, ನನ್ನ ಸಿಲಿಂಡರಿನಲ್ಲಿ 70 ಬಾರ್, ಅವಳದರಲ್ಲಿ 80.

ಹೆಂಡತಿ ಟವೆಲ್ ಹೊದಿಸುತ್ತಿದ್ದಾಗ ಮಗಳು ಮಾಸ್ಕನ್ನು ಕುತ್ತಿಗೆಗೆ ಇಳಿಸಿಕೊಂಡು, ಚಳಿಗೆ ಹಲ್ಲು ಕಟಕಟಿಸುತ್ತಾ, “ಅಪ್ಪಯ್ಯ, ನಾಳೆ ಬೆಳಿಗ್ಗೆ ಮತ್ತೆ ಅಲ್ಲಿಗೇ ಹ್ವಾಪ” ಎಂದಳು. ಆ ಮೀನು ಎದ್ದಿದೆಯೋ ಇಲ್ಲವೋ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು.

ಮರುದಿನ ಎಂಟು ಗಂಟೆಗೆ ಅದೇ ಚಾಚಿನ ಕೆಳಗೆ ಹೋಗಿ ನೋಡಿದೆವು. ಮೀನು ಇರಲಿಲ್ಲ. ಚೀಲದ ಒಂದು ಹರಿದ ಚೂರು ಕಲ್ಲಿನ ಮೂಲೆಗೆ ಸಿಕ್ಕಿಕೊಂಡು, ನೀರು ಸರಿದಾಡಿದಂತೆ ಮೆಲ್ಲಗೆ ಅಲುಗುತ್ತಿತ್ತು; ಸ್ವಲ್ಪ ಆಚೆಗೆ ಐದಾರು ಗಿಳಿಮೀನುಗಳು ಬಂಡೆಯನ್ನು ಕರಕರನೆ ಕೆರೆದು ತಿನ್ನುವ ಸದ್ದು ಕೇಳುತ್ತಿತ್ತು. ಮುಳ್ಳುಚೆಂಡುಗಳು ಬಿರುಕಿನೊಳಗೆ ಸೇರಿಕೊಂಡಿದ್ದವು. ರಾತ್ರಿ ನಾವು ನಿಂತು ನೋಡಿದ ಗುಂಡು ಹವಳವನ್ನು ಮಗಳು ತಾನೇ ಹುಡುಕಿದಳು, ಹುಡುಕಲು ಬಹಳ ಹೊತ್ತು ಹಿಡಿಯಿತು. ಅದು ಮತ್ತೆ ಒಣಕಲ್ಲಾಗಿತ್ತು.